ನಮ್ಮ ದೇವಸ್ಥಾನದ ಟ್ರಸ್ಟ್‌ನಿಂದ ಧಾರ್ಮಿಕ ಪುಸ್ತಕ ಅಚ್ಚು ಹಾಕಿಸಿ ಉಚಿತವಾಗಿ ಹಂಚಬೇಕು. ದಾನಿಗಳನ್ನು ಹುಡುಕುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದಾಗ 2012ರ ನಮ್ಮ ಸಮಿತಿ ಸಭೆಯೇ ನೆನಪಾಯಿತು. ದಾನಿಗಳು ಸಿಗುತ್ತಾರೆ. ಕೊಡಗಿನಲ್ಲಿ ದೇವರ ಕೆಲಸಕ್ಕೆ ಇಲ್ಲ ಅನ್ನುವವರು ಕಡಿಮೆ. ಕಷ್ಟ ಇರುವುದು ನಿಮ್ಮ ‘ಉಚಿತ’ದಲ್ಲಿ.

ಆಗ ನಾನು ವಿರಾಜಪೇಟೆ ಹತ್ತಿರದ ಒಂದು ದೇವಸ್ಥಾನದ ಟ್ರಸ್ಟ್‌ನಲ್ಲಿದ್ದೆ. ಕಾವೇರಿ ಮಾಹಾತ್ಮ್ಯೆಯನ್ನು ಮಕ್ಕಳಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಸಿದ್ದೆವು. 96 ಪುಟ. ಕಾಫಿ ಬೆಳೆಗಾರರೊಬ್ಬರು ಒಂದೇ ಮಾತಿಗೆ 60,000 ರೂಪಾಯಿ ಕೊಟ್ಟರು. ಪ್ರೆಸ್‌ನವರು 500 ಪ್ರತಿ ಆದರೆ ಒಂದಕ್ಕೆ 46 ರೂಪಾಯಿ, 2000 ಆದರೆ 28 ಅಂದರು. ದುಡ್ಡು ಹೇಗೂ ಇತ್ತಲ್ಲ, 2000 ಹಾಕಿಸಿದೆವು. ಅದೂ ತಪ್ಪೇ. ಆದರೆ ನಮ್ಮನ್ನು ಮುಳುಗಿಸಿದ್ದು ಅದಲ್ಲ.

ಹಿಂದಿನ ರಕ್ಷಾಪುಟದಲ್ಲಿ ಬೆಲೆ ಬರಬೇಕಾದ ಜಾಗದಲ್ಲಿ ‘ಉಚಿತ ವಿತರಣೆಗಾಗಿ’ ಎಂದು ಹಾಕಿಸಿದೆವು. ಆ ಸಲಹೆ ನನ್ನದು. ದೇವರ ಪುಸ್ತಕಕ್ಕೆ ದುಡ್ಡು ತಗೊಳ್ಳೋದಾ ಎಂದು ಸಭೆಯಲ್ಲಿ ವಾದ ಮಾಡಿದವನೂ ನಾನೇ.

ಆ ಎರಡು ಪದ ಏನೇನು ಮಾಡಿತು ಕೇಳಿ. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ 600 ಪ್ರತಿ ಹಂಚಿದೆವು. ಎಲ್ಲರೂ ಕೈ ಚಾಚಿದರು, ಖುಷಿಯಾಯಿತು. ಮಧ್ಯಾಹ್ನ ಭಾಗಮಂಡಲಕ್ಕೆ ಇಳಿದು ಬಂದರೆ, ಒದ್ದೆ ಕಟ್ಟೆಯ ಮೇಲೆ ನಮ್ಮ ಪುಸ್ತಕ ಬಿಡಿಸಿ ಹಾಸಿಕೊಂಡು ಜನ ಬಸ್ಸಿಗೆ ಕಾಯುತ್ತಿದ್ದರು. ಕಾವೇರಮ್ಮನ ಚಿತ್ರ ಕೆಳಗಡೆ. ಪುಸ್ತಕದಂಗಡಿಯವರನ್ನು ಕೇಳಿದೆವು. ಮಾರುವಂತಿಲ್ಲ, ಕಮಿಷನ್ ಇಲ್ಲ, ಅವರಾದರೂ ಯಾಕೆ ಜಾಗ ಕೊಡಬೇಕು? ಆಮೇಲೆ ‘ಉಚಿತ’ದ ಮೇಲೆ 20 ರೂಪಾಯಿಯ ಸ್ಟಿಕ್ಕರ್ ಅಂಟಿಸಿದೆವು. ಒಬ್ಬರು ಉಗುರಿನಲ್ಲಿ ಕೆರೆದು ನೋಡಿ, ಪುಕ್ಕಟೆ ಪುಸ್ತಕ ಮಾರ್ತಿದ್ದೀರಾ ಎಂದು ಎಲ್ಲರ ಮುಂದೆ ಕೇಳಿದರು. ಟ್ರಸ್ಟ್‌ನ ಹೆಸರು ಹೋಗುವ ಹಾಗಾಯಿತು. ಸ್ಟಿಕ್ಕರ್ ಎಲ್ಲ ಕಿತ್ತೆವು.

ಶಾಲೆ, ಮದುವೆ ಅಂತ ಇನ್ನೂ 300 ಹೋಯಿತು. ಉಳಿದ 1100 ಉಗ್ರಾಣಕ್ಕೆ. ನಮ್ಮ ಮಳೆ ನಿಮಗೆ ಹೇಳಬೇಕಾಗಿಲ್ಲ. ಆಗಸ್ಟ್‌ನಲ್ಲಿ ಕಟ್ಟು ಬಿಚ್ಚಿದಾಗ ರಕ್ಷಾಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದರೆ ಬಣ್ಣ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು. ಒಳಗೆಲ್ಲ ಬೂಷ್ಟು. ಎಷ್ಟು ಜನ ಓದಿದರು ಎಂದು ದಾನಿಗಳು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೇ ಪುಸ್ತಕಕ್ಕೆ ಒಂದು ರೂಪಾಯಿಯೂ ವಾಪಸ್ ಬಂದಿರಲಿಲ್ಲ.

ಲಾಭ ಬೇಡ ಅನ್ನುವುದು ಬೇರೆ, ಬೆಲೆ ಬೇಡ ಅನ್ನುವುದು ಬೇರೆ. ಗೋರಖಪುರದ ಗೀತಾ ಪ್ರೆಸ್ ನೋಡಿ. 1923ರಲ್ಲಿ ಶುರುವಾಯಿತು. ಕನ್ನಡದಲ್ಲೂ ಪುಸ್ತಕ ತರುತ್ತದೆ. ಲಾಭಕ್ಕೆ ನಡೆಯುವ ಸಂಸ್ಥೆ ಅಲ್ಲ, ದೇಣಿಗೆ ಕೇಳುವುದಿಲ್ಲ. 1926ರಿಂದ ಬರುತ್ತಿರುವ ಅವರ ‘ಕಲ್ಯಾಣ’ ಮಾಸಿಕದಲ್ಲಿ ಜಾಹೀರಾತೂ ಇಲ್ಲ. 2023ರಲ್ಲಿ ಗಾಂಧಿ ಶಾಂತಿ ಪ್ರಶಸ್ತಿ ಘೋಷಣೆಯಾದಾಗ ಗೌರವ ಸಾಕು ಎಂದು ಒಂದು ಕೋಟಿ ನಗದನ್ನು ಬೇಡ ಅಂದರು. ಆದರೂ ಪುಸ್ತಕಕ್ಕೆ ಬೆಲೆ ಇದೆ, ಬಡವರ ಕೈಗೆ ಎಟಕುವಷ್ಟು. ಆ ಸಣ್ಣ ಬೆಲೆ ಕೊಟ್ಟು ತಗೊಂಡವರು ಅದನ್ನು ದೇವರ ಮನೆಯಲ್ಲಿ ಇಡುತ್ತಾರೆ.

ನಮ್ಮ ಪಕ್ಕದ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ಶುರುವಾದದ್ದು 1841ರಲ್ಲಿ, ಕ್ರೈಸ್ತ ಧರ್ಮಪ್ರಚಾರಕ್ಕೇ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಶಾಲಾ ಪುಸ್ತಕ ಹಾಕಿದರು, 1894ರಲ್ಲಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ತಂದರು. ಕೊಡಗಿನ ಬಗ್ಗೆ ರಿಕ್ಟರ್ ಬರೆದ ಪುಸ್ತಕ 1870ರಲ್ಲಿ ಹೊರಬಂದದ್ದೂ ಅಲ್ಲಿಂದಲೇ. ಜನರಿಗೆ ಬೇಕಾದದ್ದನ್ನು ಮಾಡಿ ನಿಂತವರು ಅವರು.

ಹಾಗಾಗಿ ನೀವು ದಾನಿಗಳ ಹಣವನ್ನು ಖರ್ಚಿಗೂ ಬೆಲೆಗೂ ಇರುವ ಅಂತರ ತುಂಬಲು ಮಾತ್ರ ಇಟ್ಟುಕೊಳ್ಳಿ. ಸುಮ್ನೆ ಕೊಡಲೇಬೇಕು ಅನಿಸಿದರೆ ಕೊಡಿ, ಆದರೆ ಬೆಲೆ ಅಚ್ಚಾಗಿರುವ ಪ್ರತಿಯನ್ನೇ ಕೊಡಿ. ಮೊದಲು 300 ಪ್ರತಿ ಸಾಕು, ರೇಟು ಜಾಸ್ತಿ ಆದರೂ ಪರವಾಗಿಲ್ಲ. ಮಳೆ ಕಡಿಮೆಯಾದ ಮೇಲೆ ಸೆಪ್ಟೆಂಬರ್‌ನಲ್ಲಿ ಅಚ್ಚಾಗಲಿ, ತುಲಾ ಸಂಕ್ರಮಣಕ್ಕೆ ಕೈಗೆ ಬರುತ್ತದೆ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅದನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಯೇ ಶುಲ್ಕವಿಲ್ಲದೆ ಕೊಡುತ್ತದೆ.