ಐದು ವರ್ಷದ ಮಗಳು, ಗುಲ್ಮರ್ಗ್ ಮತ್ತು ಸ್ಕೀ
ಮೈಸೂರಿನಿಂದ ಕಾಶ್ಮೀರದ ಗುಲ್ಮರ್ಗ್‌ಗೆ ಹೊರಟಿದ್ದೀರಿ, ಐದು ವರ್ಷದ ಮಗಳು ಸ್ಕೀ ಮಾಡುವಾಗ, ಅಂದ್ರೆ ಕಾಲಿಗೆ ಹಲಗೆ ಕಟ್ಟಿ ಹಿಮದಲ್ಲಿ ಜಾರುವಾಗ, ನಾನು ಅವಳ ಮುಂದಿರಬೇಕಾ ಹಿಂದಿರಬೇಕಾ ಅಂತ ಕೇಳಿದ್ದೀರಿ. ನಿಮಗೆ ಸ್ಕೀ ಚೆನ್ನಾಗಿ ಬರೋದಾದ್ರೆ ಹಿಂದೆಯೇ ಇರಿ, ಒಂಚೂರು ಮೇಲ್ಗಡೆ. ಡಿಕ್ಕಿ ಬರೋದು ಮೇಲಿಂದ. ನಿಲ್ಲೋದಾದ್ರೆ ಇಳಿಜಾರಿನ ಅಂಚಿಗೆ ಸರಿಯಿರಿ. ದಿಬ್ಬದ ಮರೆಯಲ್ಲಿ ನಿಂತರೆ ಮೇಲಿಂದ ಬರೋರಿಗೆ ಕಾಣಲ್ಲ.

ಅದಕ್ಕಿಂತ ಮುಖ್ಯ ಬೈಂಡಿಂಗ್, ಅಂದ್ರೆ ಬೂಟನ್ನ ಸ್ಕೀ ಹಲಗೆಗೆ ಹಿಡಿದಿಡೋ ಭಾಗ. ಬಾಡಿಗೆ ಅಂಗಡೀಲಿ ಮಗುವಿನ ತೂಕ, ಎತ್ತರ, ವಯಸ್ಸು ಸರಿಯಾಗಿ ಹೇಳಿ, ಎದುರಿಗೇ ಸೆಟ್ ಮಾಡಿಸಿ. ತೀರಾ ಬಿಗಿಯಾದ್ರೆ ಬಿದ್ದಾಗ ಬಿಚ್ಚಿಕೊಳ್ಳಲ್ಲ, ಮೊಣಕಾಲ ಕೆಳಗಿನ ಮೂಳೆ ತಿರುಚಿ ಮುರಿಯಬಹುದು. ಬೆಳೆಯೋ ಮಗು ಅಂತ ದೊಡ್ಡ ಬೂಟು ತಗೋಬೇಡಿ, ಅದೇನು ಸ್ಕೂಲ್ ಶೂ ಅಲ್ಲ. ಕಾಲುಚೀಲ ಒಂದೇ ಜೊತೆ. ಎರಡು ತುರುಕಿದ್ರೆ ರಕ್ತ ಸರಿಯಾಗಿ ಓಡಲ್ಲ, ಬೆರಳು ಇನ್ನೂ ತಣ್ಣಗಾಗುತ್ತೆ. ಹೆಲ್ಮೆಟ್ ಒಳಗೆ ಉಣ್ಣೆ ಟೋಪಿ ಬೇಡ. ಮಫ್ಲರ್, ಇಳಿಜಾರಿನ ಮೇಲಕ್ಕೆ ಕರೆದೊಯ್ಯೋ ಲಿಫ್ಟಿಗೆ ಸಿಕ್ಕಿಕೊಳ್ಳುತ್ತೆ, ಅದಂತೂ ಬೇಡವೇ ಬೇಡ.