ಕೈಲ್‌ಪೊಳ್ದ್‌ಗೆ ಕೋವಿ ಹೊಳೆಯಬೇಕೆಂದು ಥಿನ್ನರ್ ಸುರಿಯಬೇಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಜ್ಜನ ಕಾಲದ ಹನ್ನೆರಡು ಬೋರಿನ ಜೋಡುನಳಿಗೆ ಕೋವಿ, ಮೂರು ಮಳೆಗಾಲ ಹಾಗೆಯೇ ಬಿದ್ದಿತ್ತು, ನಳಿಗೆಯೊಳಗೆ ಕಪ್ಪು ಪೊರೆ ಕಟ್ಟಿದೆ, ಸೆಪ್ಟೆಂಬರ್ 3ಕ್ಕೆ, ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ, ಪೂಜೆಗೆ ಇಡಬೇಕು, ಯಾವುದರಿಂದ ಶುಚಿ ಮಾಡಲಿ ಎಂದು ಕೇಳಿದ್ದೀರಿ. ಗ್ಯಾರೇಜಿನವರು ಥಿನ್ನರ್ ಹಾಕಿ ಎಂದರು, ಈ ಗುಂಪಿನಲ್ಲಿ ಒಬ್ಬರು ಪೆಟ್ರೋಲ್ ಸಾಕು ಎಂದರು. ದಯವಿಟ್ಟು ಎರಡನ್ನೂ ಕೋವಿಯ ಹತ್ತಿರ ತರಬೇಡಿ. ಒರೆಸಲು ಕೂರುವ ಮೊದಲು ನಳಿಗೆ ಮಡಚಿ, ತೋಟೆ ಕೂರುವ ಎರಡೂ ಗೂಡು ಖಾಲಿಯೇ ಎಂದು ಕಣ್ಣಿನಿಂದ ನೋಡಿ, ಬೆರಳಿಟ್ಟು ನೋಡಿ. ತೋಟೆಗಳನ್ನು ಬೇರೆ ಕೋಣೆಯಲ್ಲಿಡಿ. ಎಣ್ಣೆಯಾಗಲಿ ದ್ರಾವಕವಾಗಲಿ ತೋಟೆಯ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪಿನೊಳಗೆ ಇಳಿದರೆ ತೋಟೆ ಸಿಡಿಯದೇ ಹೋಗಬಹುದು, ತಡವಾಗಿಯೂ ಸಿಡಿಯಬಹುದು.

ಥಿನ್ನರಿನ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಹಲವು ವರ್ಷಗಳ ಹಿಂದೆ, ಇಂಥದೇ ಆಗಸ್ಟ್ ತಿಂಗಳಲ್ಲಿ, ನಮ್ಮ ಮನೆಯ ಕೋವಿಯನ್ನು ಬಣ್ಣದ ಅಂಗಡಿಯ ಥಿನ್ನರಿನಿಂದ ಒರೆಸಿದೆ. ನಳಿಗೆಯ ಮೇಲಿನ ಜಿಡ್ಡು ನಿಜವಾಗಿಯೂ ಹೋಯಿತು. ಆದರೆ ಒದ್ದೆ ಬಟ್ಟೆ ಮರದ ಹಿಡಿಗೆ ತಾಗಿದ ಕಡೆಯೆಲ್ಲ ಪಾಲಿಶ್ ಕರಗಿ ಬೆಲ್ಲದ ಪಾಕದಂತೆ ಅಂಟಾಯಿತು. ಹಿಡಿದುಕೊಂಡಿದ್ದ ಹೆಬ್ಬೆರಳಿನ ಗೆರೆಗಳು ಅದರಲ್ಲಿ ಅಚ್ಚೊತ್ತಿದವು. ಎರಡು ದಿನ ಬಿಟ್ಟು ತೆಗೆದು ನೋಡಿದರೆ ನಳಿಗೆಯ ಮೇಲೆ ಕಿತ್ತಳೆ ಬಣ್ಣದ ನಾಲ್ಕು ಬೆರಳುಗಳು. ಥಿನ್ನರ್ ಉಕ್ಕಿನ ಮೇಲಿದ್ದ ಎಣ್ಣೆಯ ಕೊನೆಯ ಪಸೆಯನ್ನೂ ಎಳೆದುಬಿಟ್ಟಿತ್ತು. ಅದರ ಮೇಲೆ ನನ್ನ ಬೆವರಿನ ಕೈ ಕೂತಲ್ಲೆಲ್ಲ ತುಕ್ಕು ಹಿಡಿದಿತ್ತು. ಕೊಡಗಿನ ಮಳೆಗಾಲದ ತೇವದಲ್ಲಿ ಬರಿಮೈ ಉಕ್ಕಿಗೆ ಎರಡು ದಿನವೂ ಹೆಚ್ಚೇ. ಆ ಗುರುತುಗಳಲ್ಲಿ ಎರಡು ಇವತ್ತಿಗೂ ಹೋಗಿಲ್ಲ.

ಪೆಟ್ರೋಲ್ ಇನ್ನೂ ಕೆಟ್ಟದ್ದು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗದೆ ನೆಲದ ಮೇಲೆ ಹರಿದು ದೂರದ ಬೆಂಕಿಯನ್ನು ಮುಟ್ಟುತ್ತದೆ. ಈ ತಿಂಗಳಲ್ಲಿ ನಾವು ಕೋವಿ ಒರೆಸುವುದು ಎಲ್ಲಿ? ಹೊರಗೆ ಮಳೆ, ಕಿಟಕಿ ಬಾಗಿಲು ಹಾಕಿದೆ, ಒಲೆಯ ಹತ್ತಿರ ಬೆಚ್ಚಗೆ ಕೂತಿರುತ್ತೇವೆ. ಆಮೇಲೆ ಅದೇ ಕೋವಿಯನ್ನು ಮನೆಯ ನಡುಕೋಣೆಯಾದ ನೆಲ್ಲಕ್ಕಿ ಬಾಡೆಯಲ್ಲಿ ದೀಪದ ಮುಂದೆ ಇಡುತ್ತೇವೆ. ಅದನ್ನು ನೆನೆದರೆ ನನಗೆ ಭಯವಾಗುತ್ತದೆ. ಪೆಟ್ರೋಲಿನಲ್ಲಿ ರಕ್ತದ ಕ್ಯಾನ್ಸರಿಗೆ ಕಾರಣವಾಗುವ ಬೆಂಜೀನ್ ಕೂಡ ಇದೆ. ಉಸಿರಿನ ಜೊತೆಗೆ ಚರ್ಮದ ಮೂಲಕವೂ ಅದು ಒಳಗೆ ಹೋಗುತ್ತದೆ. ಸೀಮೆಎಣ್ಣೆ ಅಷ್ಟು ಬೇಗ ಹೊತ್ತುವುದಿಲ್ಲ, ಹೊರಗಡೆ ಕೂತು ಬಳಸಬಹುದು. ಆದರೆ ಅದು ಆರಿದ ಮೇಲೆ ತುಕ್ಕು ತಡೆಯುವುದಿಲ್ಲ, ಮೇಲೆ ಎಣ್ಣೆ ಬೇಕೇ ಬೇಕು.

ಇಷ್ಟಕ್ಕೂ ನಳಿಗೆಯೊಳಗೆ ಇರುವ ಕೊಳೆ ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು. ನಿಮ್ಮದು ತೋಟೆ ಕೋವಿ. ಅಲ್ಲಿರುವುದು ಮದ್ದಿನ ಮಸಿ, ತೋಟೆಯೊಳಗಿನ ಪ್ಲಾಸ್ಟಿಕ್ ಬಟ್ಟಲು ಉಜ್ಜಿ ಬಿಟ್ಟ ಪೊರೆ, ಚರೆಯಿಂದ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳಿಂದ, ಅಂಟಿದ ಸೀಸ. ಇವನ್ನು ಬಿಡಿಸುವುದು ಕಂಚಿನ ಬ್ರಷ್ಷು ಮತ್ತು ತಾಳ್ಮೆ. ರೈಫಲ್ಲಿನ ತಾಮ್ರ ತೆಗೆಯುವ ಅಮೋನಿಯಾ ದ್ರಾವಕದಿಂದ ನಿಮಗೆ ಏನೂ ಉಪಯೋಗವಿಲ್ಲ.

ಈ ಗುಂಪಿನಲ್ಲಿ ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಯಿಂದ ಕಪ್ಪು ಮದ್ದು ತುಂಬುವ ಹಳೆಯ ಕೋವಿ, ಇಟ್ಟುಕೊಂಡವರೂ ಇದ್ದಾರೆ, ಅವರೂ ಕೇಳಿ. ಕಪ್ಪು ಮದ್ದು ಉರಿದಾಗ ಉಳಿಯುವುದು ಬಹುಪಾಲು ಪೊಟ್ಯಾಸಿಯಮ್ಮಿನ ಲವಣಗಳು. ಉಪ್ಪು ಕರಗುವುದು ನೀರಿನಲ್ಲಿ. ಪೆಟ್ರೋಲಿನಲ್ಲಿ ಎಷ್ಟು ತೊಳೆದರೂ ಆ ಉಪ್ಪು ಅಲ್ಲೇ ಕೂತು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಬಿಸಿನೀರು, ಸ್ವಲ್ಪ ಸಾಬೂನು, ತಕ್ಷಣ ಒಣಗಿಸಿ ಎಣ್ಣೆ: ಹಿರಿಯರು ಮಾಡುತ್ತಿದ್ದುದೇ ಸರಿ. ಮೊದಲು ಕೇಪು ತೆಗೆದು, ಗಜವನ್ನು (ಮದ್ದು ದೂಡುವ ಉದ್ದನೆಯ ಕೋಲು) ನಳಿಗೆಯೊಳಗೆ ಇಳಿಸಿ, ಅದು ಇಳಿದಷ್ಟನ್ನು ನಳಿಗೆಯ ಉದ್ದಕ್ಕೆ ಹೋಲಿಸಿ ಒಳಗೆ ಮದ್ದು ತುಂಬಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಸೀಸ ಕರಗಿಸಲು ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ವಿಡಿಯೋಗಳೂ ಓಡಾಡುತ್ತಿವೆ. ಸೀಸ ಕರಗುವುದು ನಿಜ, ಆದರೆ ಅದು ನೀರಿನಲ್ಲಿ ಕರಗಿರುವ ಸೀಸದ ಅಸಿಟೇಟ್ ಆಗುತ್ತದೆ. ಅದು ವಿಷ. ಬಚ್ಚಲಿಗೆ ಚೆಲ್ಲಿದರೆ ತೋಟಕ್ಕೋ ಬಾವಿಗೋ ಹೋಗುತ್ತದೆ. ಹುಣಸೆಹಣ್ಣು, ನಿಂಬೆ, ಶೌಚಾಲಯದ ಆಸಿಡ್ ಕೂಡ ಬೇಡ. ನಳಿಗೆಯ ಮೇಲಿನ ನೀಲಿಗಪ್ಪು ಬಣ್ಣ ಹದವಾಗಿ ಮಾಡಿದ ಕಬ್ಬಿಣದ ಆಕ್ಸೈಡ್, ಆಮ್ಲ ತಾಗಿದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಳೆಯ ಜೋಡುನಳಿಗೆಯಲ್ಲಿ ನಡುವಿನ ಪಟ್ಟಿಯನ್ನು ಸಾಮಾನ್ಯವಾಗಿ ತವರ-ಸೀಸದ ಬೆಸುಗೆಯಿಂದ ಕೂರಿಸಿರುತ್ತಾರೆ. ಮತ್ತೆ ಬಣ್ಣ ಕೊಡಲು ಬಳಸುವ ಬಿಸಿ ಕಾಸ್ಟಿಕ್ ಸೋಡಾ ಆ ಬೆಸುಗೆಯನ್ನೇ ತಿನ್ನುತ್ತದೆ. ಬಣ್ಣ ಹಾಕಿಸುವುದಿದ್ದರೆ ಇದನ್ನು ತಿಳಿದಿರುವ, ಪರವಾನಗಿ ಇರುವ ಕೋವಿ ರಿಪೇರಿಯವರನ್ನೇ ಹುಡುಕಿ.

ಈಗ ನಿಮ್ಮ ಕೆಲಸ. ನಳಿಗೆಯನ್ನು ಹಿಡಿಯಿಂದ ಬಿಚ್ಚಿ ಜಗಲಿಗೆ ತನ್ನಿ, ನೈಟ್ರೈಲ್ ಕೈಗವಸು ಹಾಕಿ. ಕೋವಿಗೆಂದೇ ಮಾರುವ ಸೌಮ್ಯ ದ್ರಾವಕದಲ್ಲಿ ಅದ್ದಿದ ಬಟ್ಟೆಯ ತುಂಡನ್ನು ಹಿಂಬದಿಯಿಂದ ದೂಡಿ, ಕಾಲು ಗಂಟೆ ಬಿಡಿ. ಬ್ರಷ್ಷಿನಿಂದ ಹತ್ತು ಹದಿನೈದು ಸಲ ಆಚೆ ತನಕ ಎಳೆಯಿರಿ, ಒಣ ಬಟ್ಟೆ ಹಾಕಿ, ಮತ್ತೆ ಶುರುಮಾಡಿ. ಮೂರು ಮಳೆಗಾಲದ ಕೊಳೆಗೆ ಮೂರು ಸಂಜೆ ಬೇಕಾಗಬಹುದು, ಅವಸರ ಬೇಡ. ಬೆಳಕಿಗೆ ಹಿಡಿದಾಗ ಒಳಗೆ ಚುಕ್ಕೆಚುಕ್ಕೆಯಾಗಿ ಗುಳಿ ಕಂಡರೆ ಅದು ಕೊಳೆಯಲ್ಲ, ತುಕ್ಕು ತಿಂದ ಜಾಗ. ತಿಳಿದವರಿಗೆ ತೋರಿಸದೆ ಆ ಕೋವಿಯಿಂದ ಗುಂಡು ಹಾರಿಸಬೇಡಿ.

ಎಣ್ಣೆ ತೆಳುವಾಗಿರಲಿ. ಹೆಚ್ಚು ಹಾಕಿ ಕೋವಿಯನ್ನು ನೆಟ್ಟಗೆ ನಿಲ್ಲಿಸಿದರೆ ಎಣ್ಣೆ ಇಳಿದು ಮರ ಕಬ್ಬಿಣಕ್ಕೆ ಸೇರುವ ಜಾಗವನ್ನು ವರ್ಷವರ್ಷ ನೆನೆಸಿ ಮೆತ್ತಗೆ ಮಾಡುತ್ತದೆ. ಒಂದು ದಿನ ಒದೆತಕ್ಕೆ ಅಲ್ಲೇ ಸೀಳುತ್ತದೆ. ಹಿಡಿಗೆ ಅಗಸೆ ಎಣ್ಣೆ ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಪೂಜೆ ಮುಗಿದ ಸಂಜೆಯೇ ಕೋವಿಗೆ ಮುಡಿಸಿದ ತೋಕ್ ಪೂ ಎಂಬ ಹೂವನ್ನು ತೆಗೆದು, ಅರಿಶಿನ ಕುಂಕುಮದ ಬೆರಳು ತಾಗಿದ ಕಡೆ ಎಣ್ಣೆಬಟ್ಟೆ ಆಡಿಸಿ. ಹಬ್ಬದ ಪಂದ್ಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಮುನ್ನ ನಳಿಗೆಯನ್ನು ಬಿಚ್ಚಿ ಆಕಾಶಕ್ಕೆ ಹಿಡಿದು ಒಮ್ಮೆ ನೋಡಿ. ಹೂವಿನ ತೊಟ್ಟು, ಬಟ್ಟೆಯ ಚೂರು, ನಿಂತ ಎಣ್ಣೆ ಏನೂ ಒಳಗೆ ಇರಬಾರದು.