12 ಜನರ ಕುಟುಂಬದ ಫೋಟೊ: ಕೆರೆ ದಂಡೆಯೋ, ಹೂವಿನ ಪಾರ್ಕೋ, ಕಲ್ಲಿನ ಮೆಟ್ಟಿಲೋ?

ನೀವು ಕೇಳಿದ್ದನ್ನು ಮೊದಲು ಒಂದೆಡೆ ಬರೆದುಕೊಳ್ಳುತ್ತೇನೆ, ಓದುವ ಉಳಿದವರಿಗೂ ಅನುಕೂಲ. ಮೂರು ತಲೆಮಾರಿನ 12 ಜನ, ಅದರಲ್ಲಿ ಮೂರು ವರ್ಷದೊಳಗಿನ ಇಬ್ಬರು ಮಕ್ಕಳು, ಮಂಡಿನೋವಿರುವ ಅಜ್ಜಿ. ಸಂಜೆ ಹೊತ್ತು. ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ, 18-55 ಮತ್ತು 50 ಎಂಎಂ ಲೆನ್ಸ್ (ಈ ಸಂಖ್ಯೆ ಚಿಕ್ಕದಾದಷ್ಟು ನೋಟ ಅಗಲ), ಫ್ಲ್ಯಾಶ್ ಇಲ್ಲ. ನೋಡಿಟ್ಟಿರುವ ಜಾಗ ಮೂರು: ಪಶ್ಚಿಮಕ್ಕೆ ತೆರೆದ ಕೆರೆ ದಂಡೆ, ಹೂವಿನ ಪಾರ್ಕ್, ಪೂರ್ವಕ್ಕೆ ಮುಖ ಮಾಡಿದ ಹಳೆಯ ಕಲ್ಲು ಕಟ್ಟಡದ ಅಗಲ ಮೆಟ್ಟಿಲು. ಈ ಚರ್ಚೆಯಲ್ಲಿ ಹೆಚ್ಚಿನವರು ಕೆರೆ ಅಂದಿದ್ದಾರೆ. ನಾನು ಮೆಟ್ಟಿಲು ಅನ್ನುತ್ತೇನೆ. ಕೆರೆಯನ್ನು ಬಿಡಬೇಕಿಲ್ಲ, ಆದರೆ ಅದು ಕೊನೆಯ ಹತ್ತು ನಿಮಿಷಕ್ಕೆ.

ಜಾಗ ನೋಡಲು ಹೋದಾಗ ಎಲ್ಲರ ಕಣ್ಣೂ ಹಿನ್ನೆಲೆಯ ಮೇಲೆಯೇ ಇರುತ್ತದೆ. ಜನ ಎಲ್ಲಿ ನಿಲ್ಲುತ್ತಾರೆ, ಅಲ್ಲಿ ಅವರ ಮುಖಕ್ಕೆ ಯಾವ ಕಡೆಯಿಂದ ಬೆಳಕು ಬರುತ್ತದೆ, ನೀವು ಎಷ್ಟು ಹಿಂದಕ್ಕೆ ಹೋಗಬಹುದು ಎನ್ನುವುದನ್ನು ಮೊದಲು ನೋಡಿ. ಇವು ಸರಿಯಿದ್ದರೆ ಸಾಮಾನ್ಯ ಗೋಡೆಯ ಮುಂದೆಯೂ ಒಳ್ಳೆಯ ಫೋಟೊ ಬರುತ್ತದೆ. ಇವು ತಪ್ಪಿದರೆ ಎಂಥ ಚೆಂದದ ಜಾಗವೂ ಕೈಕೊಡುತ್ತದೆ.

ಅಳತೆಯಿಂದ ಶುರು ಮಾಡೋಣ. 12 ಜನರನ್ನು ಆರಾರರ ಎರಡು ಸಾಲು ಮಾಡಿದರೆ ತಲೆಗೆ ಸುಮಾರು 45 ಸೆಂಟಿಮೀಟರ್‌ನಂತೆ ಒಂದು ಸಾಲಿಗೆ 2.7 ಮೀಟರ್ ಬೇಕು. ಎರಡೂ ಬದಿಗೆ ಮುಕ್ಕಾಲು ಮೀಟರ್ ಬಿಟ್ಟರೆ ಫ್ರೇಮಿನ ಅಗಲ 4.2 ಮೀಟರ್. ನಿಮ್ಮ ಕ್ರಾಪ್ ಸೆನ್ಸರಿನಲ್ಲಿ 50 ಎಂಎಂ ಹಾಕಿ ಇಷ್ಟು ಅಗಲ ಹಿಡಿಯಲು ಸುಮಾರು 9 ಮೀಟರ್ ದೂರ ನಿಲ್ಲಬೇಕು. 35 ಎಂಎಂನಲ್ಲಿ 6 ಮೀಟರ್ ಚಿಲ್ಲರೆ. 18 ಎಂಎಂನಲ್ಲಿ 3 ಮೀಟರ್ ಸಾಕು, ಆದರೆ ಅಂಚಿನಲ್ಲಿ ನಿಂತವರ ಮುಖ, ತೋಳು ಹಿಗ್ಗಿದಂತೆ ಕಾಣುತ್ತವೆ, ಹಿಂದಿನ ಸಾಲಿನ ತಲೆಗಳು ಚಿಕ್ಕದಾಗುತ್ತವೆ. ಹಾಗಾಗಿ ಗುಂಪಿನ ಮುಂದೆ ಕನಿಷ್ಠ 9 ಮೀಟರ್, ಹಿಂದೆ ಆರೇಳು ಮೀಟರ್, ಒಟ್ಟು 16 ಮೀಟರಿನಷ್ಟು ಅಡ್ಡಿಯಿಲ್ಲದ ಜಾಗ ಹುಡುಕಿ. ದೊಡ್ಡ ಹೆಜ್ಜೆಯಲ್ಲಿ ಎಣಿಸಿದರೆ ಇಪ್ಪತ್ತು ಹೆಜ್ಜೆ. ಹೂವಿನ ಪಾರ್ಕಿನ ಕಾಲುದಾರಿಗಳು ಸೋಲುವುದು ಇಲ್ಲೇ. ಎರಡು ಮೀಟರ್ ಅಗಲದ ದಾರಿಯಲ್ಲಿ ಆರು ಜನ ಪಕ್ಕಪಕ್ಕ ನಿಲ್ಲಲು ಆಗುವುದಿಲ್ಲ. ಹುಲ್ಲಿಗೆ ಇಳಿದರೆ ಹಿಂದಕ್ಕೆ ಹೋಗಲು ಗಿಡದ ಮಡಿ ಅಡ್ಡ ಬರುತ್ತದೆ.

ಮೇಲೆ ಯಾರೋ "ಅಪರ್ಚರ್ ತೆರೆದರೆ ಹಿನ್ನೆಲೆ ಮಸುಕಾಗುತ್ತದೆ, ಜಾಗ ಹೇಗಿದ್ದರೂ ನಡೆಯುತ್ತದೆ" ಅಂದಿದ್ದಾರೆ. ಇಬ್ಬರ ಫೋಟೊಗೆ ಈ ಮಾತು ನಿಜ. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟು ಅದು ದೊಡ್ಡದು. 50 ಎಂಎಂ, ಎಫ್/2, ಮೂರು ಮೀಟರ್ ದೂರ, ಅವರ ಹಿಂದೆ ಆರು ಮೀಟರ್ ಖಾಲಿ ಇದ್ದರೆ ಹಿನ್ನೆಲೆ ಚೆನ್ನಾಗಿ ಕರಗುತ್ತದೆ. ಅದೇ ಲೆನ್ಸಿನಲ್ಲಿ 9 ಮೀಟರ್ ಹಿಂದೆ ನಿಂತು ಎಫ್/4ರಲ್ಲಿ 12 ಜನರನ್ನು ತೆಗೆದರೆ ಮಸುಕು ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಹಿಂದಿನ ಕಸದ ಡಬ್ಬ, ಸೂಚನಾ ಫಲಕ, ನಿಂತ ಬೈಕು ಎಲ್ಲವೂ ಗುರುತು ಸಿಗುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ದೊಡ್ಡ ಗುಂಪಿಗೆ ಹಿನ್ನೆಲೆ ತಾನಾಗಿಯೇ ಶುಭ್ರವಾಗಿರಬೇಕು: ಒಂದೇ ಬಣ್ಣದ ಗೋಡೆ, ದಟ್ಟವಾದ ಮರಸಾಲು, ಕಂಬಗಳ ಸಾಲು, ಇಂಥವು. ಬಗೆಬಗೆಯ ಹೂವಿನ ಮಡಿ ಕಣ್ಣಿಗೆ ಹಬ್ಬ, ಫೋಟೊದಲ್ಲಿ ಮಾತ್ರ 12 ಮುಖಗಳ ಜೊತೆ ಪೈಪೋಟಿಗೆ ಬೀಳುತ್ತದೆ.

ಇನ್ನು ಬೆಳಕು. ಫ್ಲ್ಯಾಶ್ ಇಲ್ಲದವರಿಗೆ ತೆರೆದ ನೆರಳಿನಷ್ಟು ನಂಬಿಗಸ್ತ ಜಾಗ ಇನ್ನೊಂದಿಲ್ಲ. ಅಂದರೆ ಜನರ ಮೇಲೆ ನೇರ ಬಿಸಿಲು ಬೀಳಬಾರದು, ಆದರೆ ಅವರ ಮುಖದ ಎದುರಿಗೆ ದೊಡ್ಡ ಆಕಾಶ ತೆರೆದಿರಬೇಕು. ಆ ಆಕಾಶವೇ ಅವರಿಗೆ ದೀಪ. ಪೂರ್ವಮುಖದ ಮೆಟ್ಟಿಲು ಸಂಜೆಗೆ ಸರಿಹೊಂದುವುದು ಇದಕ್ಕೇ. ಸೂರ್ಯ ಕಟ್ಟಡದ ಹಿಂದೆ ಹೋಗಿರುತ್ತಾನೆ, ಎದುರಿನ ಆಕಾಶ ಪೂರ್ತಿ ತೆರೆದಿರುತ್ತದೆ. ಕಟ್ಟಡ 8 ಮೀಟರ್ ಎತ್ತರ ಇದೆ ಅಂದುಕೊಳ್ಳಿ. ಸೂರ್ಯ ದಿಗಂತದಿಂದ 27 ಡಿಗ್ರಿ ಮೇಲಿರುವಾಗ ಅದರ ನೆರಳು 16 ಮೀಟರ್ ಚಾಚುತ್ತದೆ. ಜನ, ಅವರ ಎದುರಿಗೆ ನೀವು, ಎಲ್ಲರೂ ಅದರೊಳಗೇ ಇರುತ್ತೀರಿ. ಆ ಹೊತ್ತನ್ನು ಉಪಕರಣ ಇಲ್ಲದೆ ಗುರುತಿಸುವುದು ಸುಲಭ: ನೆಲದ ಮೇಲೆ ನಿಮ್ಮ ನೆರಳು ನಿಮ್ಮ ಎತ್ತರದ ಎರಡು ಪಟ್ಟು ಉದ್ದ ಬಂದಿರುತ್ತದೆ.

ನೆರಳೆಲ್ಲ ಒಂದೇ ಅಲ್ಲ. ವಿರಳ ಎಲೆಗಳ ಮರದಡಿ ಬಿಸಿಲಿನ ಚುಕ್ಕೆಗಳು ಬೀಳುತ್ತವೆ. ಒಬ್ಬರ ಹಣೆ ಬೆಳ್ಳಗೆ, ಪಕ್ಕದವರ ಕಣ್ಣು ಕಪ್ಪಗೆ. ಇದನ್ನು ಎಡಿಟಿಂಗಿನಲ್ಲಿ ಸರಿಮಾಡುವುದು ಬಹಳ ಕಷ್ಟ. ಅಂಥ ಮರದ ಕೆಳಗೆ ನಿಲ್ಲಿಸಲೇಬೇಡಿ. ಸೂರ್ಯ ಇಳಿದಂತೆ ಚುಕ್ಕೆಗಳು ಸರಿಯುತ್ತವೆ, ಐದು ನಿಮಿಷದ ಹಿಂದೆ ಇಲ್ಲದ ಚುಕ್ಕೆ ಮಗುವಿನ ಕೆನ್ನೆಯ ಮೇಲೆ ಬಂದು ಕೂತಿರುತ್ತದೆ. ದಟ್ಟ ಮರವಾದರೆ ಬೇರೆ ಮಾತು. ಅದರ ಕೊಂಬೆಗಳು ಚಾವಣಿಯಂತೆ ನೆತ್ತಿಯ ಬೆಳಕನ್ನು ತಡೆದು, ಬೆಳಕು ಎದುರಿನಿಂದ ಬರುವಂತೆ ಮಾಡುತ್ತವೆ. ಕಣ್ಣುಗುಳಿ ಕಪ್ಪಾಗುವುದಿಲ್ಲ. ಹಾಗಂತ ಮರದ ಬುಡಕ್ಕೆ ಒರಗಿಸಬೇಡಿ. ನೆರಳಿನ ಅಂಚಿನಿಂದ ಒಂದೆರಡು ಮೀಟರ್ ಒಳಗೆ, ಮುಖ ಹೊರಗಡೆ ತಿರುಗಿಸಿ ನಿಲ್ಲಿಸಿ. ಇನ್ನೂ ಒಳಗೆ ಹೋದಷ್ಟು ಬೆಳಕು ಸಾಯುತ್ತದೆ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರುತ್ತದೆ.

ನೆಲವೂ ಬೆಳಕು ಕೊಡುತ್ತದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ತಿಳಿಬಣ್ಣದ ಕಲ್ಲು, ಸಿಮೆಂಟು, ಮರಳು ಗದ್ದದ ಕೆಳಗಿನ ಕಪ್ಪನ್ನು ತುಂಬುತ್ತವೆ. ಬಿಸಿಲು ಬಿದ್ದ ಹುಲ್ಲುಹಾಸು ಗದ್ದ, ಕತ್ತಿನ ಮೇಲೆ ಹಸಿರು ಚೆಲ್ಲುತ್ತದೆ. ವೈಟ್ ಬ್ಯಾಲೆನ್ಸ್ (ಫೋಟೊದ ಒಟ್ಟು ಬಣ್ಣ ಸರಿಪಡಿಸುವ ಸೆಟ್ಟಿಂಗ್) ಬದಲಿಸಿದರೂ ಅದು ಹೋಗುವುದಿಲ್ಲ, ಏಕೆಂದರೆ ಹಣೆಗೆ ಆಕಾಶದ ನೀಲಿ, ಗದ್ದಕ್ಕೆ ಹುಲ್ಲಿನ ಹಸಿರು, ಎರಡೂ ಒಟ್ಟಿಗೆ ಬಂದಿರುತ್ತವೆ. ಹುಲ್ಲಿನಿಂದ ಕಾಲುದಾರಿಗೆ ನಾಲ್ಕು ಹೆಜ್ಜೆ ಸರಿದರೆ ಸಮಸ್ಯೆ ಬಹುಪಾಲು ಮುಗಿಯಿತು. ಎದುರಿಗೆ ಗಾಢ ಬಣ್ಣದ ಗೋಡೆಯಿದ್ದರೂ ಇದೇ ತೊಂದರೆ. ಬರೀ ನೆರಳಿನ ನೀಲಿಯಾದರೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 7000 ಕೆಲ್ವಿನ್ ಆಸುಪಾಸು ಇಟ್ಟು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ತೆಗೆಯಿರಿ, ಆಮೇಲೆ ಎಲ್ಲ ಫೋಟೊಗೂ ಒಟ್ಟಿಗೆ ತಿದ್ದಬಹುದು.

ಕೆರೆ ದಂಡೆ ನಿಮ್ಮ ಗುಂಪಿಗೆ ಏಕೆ ಕಷ್ಟ ಅಂದರೆ, ನೀರು ಹಿನ್ನೆಲೆಯಲ್ಲಿ ಬರಬೇಕಾದರೆ ಜನ ಸೂರ್ಯನಿಗೆ ಬೆನ್ನು ಹಾಕಬೇಕು. ಆಗ ಆಕಾಶಕ್ಕೂ ಮುಖಕ್ಕೂ ಇರುವ ವ್ಯತ್ಯಾಸ ಸುಲಭವಾಗಿ ಮೂರು ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ದಾಟುತ್ತದೆ. ಮುಖಕ್ಕೆ ಎಕ್ಸ್‌ಪೋಶರ್ ಇಟ್ಟರೆ ಆಕಾಶ ಬಿಳಿಯ ಹಾಳೆ, ಆಕಾಶಕ್ಕೆ ಇಟ್ಟರೆ ಜನ ಕರಿನೆರಳು. ಒಂದು ಮೀಟರಿನ ರಿಫ್ಲೆಕ್ಟರ್ (ಬೆಳಕನ್ನು ಮುಖಕ್ಕೆ ಹಿಂದಿರುಗಿಸುವ ಹಲಗೆ) ಇಬ್ಬರು ಮೂವರಿಗೆ ಸಾಕಾದೀತು, 12 ಜನರಿಗೆ ಮುಟ್ಟುವುದಿಲ್ಲ. ಜನರನ್ನು ತಿರುಗಿಸಿ ಸೂರ್ಯನಿಗೆ ಮುಖ ಕೊಟ್ಟರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ, ಜೊತೆಗೆ ಕೆರೆಯೂ ಫ್ರೇಮಿನಿಂದ ಹೊರಗೆ. ಸೂರ್ಯ ಪೂರ್ತಿ ಇಳಿದ ಮೇಲಿನ 10-15 ನಿಮಿಷ ಈ ವ್ಯತ್ಯಾಸ ತಗ್ಗುತ್ತದೆ. ಆಗ ಅಪ್ಪ, ಅಮ್ಮ, ಮಕ್ಕಳು ಇಷ್ಟೇ ಜನರನ್ನು ಅಲ್ಲಿಗೆ ಕರೆದೊಯ್ಯಿರಿ.

ನೀರಿನ ಬಳಿ ದಿಗಂತದ ಗೆರೆಯ ಮೇಲೆ ಒಂದು ಕಣ್ಣಿರಲಿ. ಸಮತಟ್ಟು ನೆಲದಲ್ಲಿ ದಿಗಂತ ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಹಾಯುತ್ತದೆ. ಕ್ಯಾಮೆರಾ ನಿಮ್ಮ ಕಣ್ಣಿನ ಮಟ್ಟದಲ್ಲಿದ್ದರೆ ಗೆರೆ ಎಲ್ಲರ ತಲೆಯನ್ನು ಸೀಳಿಕೊಂಡು ಹೋಗುತ್ತದೆ. ಮಂಡಿಯೂರಿ ಸೊಂಟದ ಮಟ್ಟಕ್ಕೆ ಇಳಿಸಿ, ಗೆರೆ ಮೈಯ ಹಿಂದೆ ಅಡಗುತ್ತದೆ. ಮಕ್ಕಳನ್ನು ನೀರಂಚಿನಿಂದ ಹತ್ತು ಮೀಟರ್ ಈಚೆಯೇ ನಿಲ್ಲಿಸಿ, ಫೋಟೊದಲ್ಲಿ ಇಲ್ಲದ ಒಬ್ಬ ದೊಡ್ಡವರಿಗೆ ಮಕ್ಕಳನ್ನು ಕಾಯುವುದೊಂದೇ ಕೆಲಸ ಕೊಡಿ. ನೀವು ಕ್ಯಾಮೆರಾದಲ್ಲಿ ಕಣ್ಣಿಟ್ಟಿರುತ್ತೀರಿ, ಹೆತ್ತವರು ಲೆನ್ಸ್ ನೋಡುತ್ತಿರುತ್ತಾರೆ. ಕಾಯುವವರು ಸಿಗದಿದ್ದರೆ ಕೆರೆಯನ್ನೇ ಬಿಟ್ಟುಬಿಡಿ.

ಈಗ ಮೆಟ್ಟಿಲಿಗೆ ಬರೋಣ. ಸಾಮಾನ್ಯವಾಗಿ ಒಂದು ಮೆಟ್ಟಿಲಿನ ಎತ್ತರ 15ರಿಂದ 17 ಸೆಂಟಿಮೀಟರ್. ಒಂದರ ಹಿಂದೊಂದು ಮೆಟ್ಟಿಲಲ್ಲಿ ನಿಲ್ಲಿಸಿದರೆ ಹಿಂದಿನವರ ಗದ್ದ ಮುಂದಿನವರ ತಲೆಯ ಹಿಂದೆ ಹೂತುಹೋಗುತ್ತದೆ. ಒಂದು ಮೆಟ್ಟಿಲು ಬಿಟ್ಟು ನಿಲ್ಲಿಸಿ, 30 ಸೆಂಟಿಮೀಟರಿಗೂ ಹೆಚ್ಚು ಅಂತರ ಸಿಗುತ್ತದೆ. ಹಿಂದಿನವರ ಮುಖ ಮುಂದಿನ ಇಬ್ಬರ ನಡುವಿನ ಸಂದಿಯಲ್ಲಿ ಬರಲಿ. ಅಜ್ಜಿಯನ್ನು ಹತ್ತಿಸಬೇಡಿ. ಕೆಳಗೆ ನೆಲದ ಮೇಲೆ, ಮಧ್ಯದಲ್ಲಿ, ಕೈ ಇರುವ ಗಟ್ಟಿ ಕುರ್ಚಿ ಹಾಕಿ. ತಗ್ಗಿನ ಸ್ಟೂಲಿನಿಂದ ಎದ್ದೇಳುವುದು ಮಂಡಿನೋವಿರುವವರಿಗೆ ಹಿಂಸೆ. ಅವರ ಸುತ್ತಲೇ ಉಳಿದವರನ್ನು ಜೋಡಿಸಿದರೆ ಫೋಟೊಗೂ ಒಂದು ಕೇಂದ್ರ ಸಿಗುತ್ತದೆ. ಮೂರು ಸಾಲಾದರೂ ಆಳ ಒಂದೂವರೆ ಮೀಟರ್ ಮೀರುವುದಿಲ್ಲ. 9 ಮೀಟರ್ ದೂರದಿಂದ 50 ಎಂಎಂ, ಎಫ್/4ರಲ್ಲಿ ಮುಂದಿನ ಸಾಲಿಗೆ ಫೋಕಸ್ ಮಾಡಿದರೆ ಹಿಂದಿನವರೂ ನಿಚ್ಚಳವಾಗಿರುತ್ತಾರೆ. ಶಟರ್ ವೇಗವನ್ನು 1/250 ಸೆಕೆಂಡಿಗಿಂತ ಇಳಿಸಬೇಡಿ, ಪುಟ್ಟ ಮಕ್ಕಳ ತಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಮೆಟ್ಟಿಲಿಗೆ ಹಿಂದೆ ಆರು ಮೀಟರ್ ಖಾಲಿ ಎಲ್ಲಿಂದ ಬರಬೇಕು ಅಂತ ಕೇಳಬಹುದು. ಕಲ್ಲು ಗೋಡೆ ತಾನೇ ಶುಭ್ರ ಹಿನ್ನೆಲೆಯಾದ್ದರಿಂದ ಇಲ್ಲಿ ಅದರ ಅಗತ್ಯವಿಲ್ಲ. ಬಾಗಿಲು ತೆರೆದು ಒಳಗೆ ದೀಪ ಉರಿಯುತ್ತಿದ್ದರೆ ಮುಚ್ಚಿಸಿ, ಕಂಬ ಯಾರ ತಲೆಯಿಂದಲೂ ಮೊಳೆತಂತೆ ಕಾಣಬಾರದು.

ಮುಂಚೆ ಒಮ್ಮೆ ಹೋಗಿ ಬರುವುದಾದರೆ ಫೋಟೊ ದಿನದ ಹಿಂದಿನ ವಾರದೊಳಗೆ, ಅದೇ ಹೊತ್ತಿಗೆ ಹೋಗಿ. ಬೆಳಿಗ್ಗೆ ನೋಡಿ ಸಂಜೆಗೆ ನಿರ್ಧರಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ. ಜನ ನಿಲ್ಲುವ ಜಾಗದಲ್ಲಿ ನಿಂತು ಮುಷ್ಟಿಯನ್ನು ಮುಖದ ಎತ್ತರಕ್ಕೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿ. ಬೆರಳ ಗೆಣ್ಣುಗಳ ನೆರಳು ಎಲ್ಲಿ ಮೃದುವಾಗುತ್ತದೋ ಆ ದಿಕ್ಕಿಗೆ ಮುಖ ಇರಬೇಕು. ಸೂರ್ಯ ಎಷ್ಟು ಹೊತ್ತಿಗೆ ಗುಡ್ಡ ಅಥವಾ ಕಟ್ಟಡದ ಹಿಂದೆ ಮರೆಯಾಗುತ್ತಾನೆ ಎನ್ನುವುದಕ್ಕೂ ಮುಷ್ಟಿಯೇ ಅಳತೆ. ಕೈ ನೀಡಿ ಹಿಡಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸಾಗುತ್ತಾನೆ. ಭೂಮಧ್ಯರೇಖೆಗೆ ಹತ್ತಿರದ ಊರುಗಳಲ್ಲಿ ಹೆಚ್ಚುಕಡಿಮೆ ನೇರ ಇಳಿಯುವುದರಿಂದ ಒಂದು ಮುಷ್ಟಿಗೆ 40 ನಿಮಿಷ. ದೂರದ ಅಕ್ಷಾಂಶಗಳಲ್ಲಿ ಓರೆಯಾಗಿ ಇಳಿಯುತ್ತಾನೆ, ಇನ್ನೂ ಹೆಚ್ಚು ಹೊತ್ತು. ಪಶ್ಚಿಮದಲ್ಲಿ ಒಂದು ಮುಷ್ಟಿ ಎತ್ತರದ ಗುಡ್ಡವಿದ್ದರೆ, ಪಂಚಾಂಗದ ಸೂರ್ಯಾಸ್ತಕ್ಕಿಂತ ಅಷ್ಟು ಮುಂಚೆಯೇ ಹೊಂಬಿಸಿಲು ಮುಗಿದಿರುತ್ತದೆ. ತಿಂಗಳುಗಟ್ಟಲೆ ಮುಂಚೆ ನಿರ್ಧರಿಸುವವರು ಸನ್ ಸರ್ವೇಯರ್, ಫೋಟೊಪಿಲ್ಸ್ ತರಹದ ಆ್ಯಪಿನಲ್ಲಿ ಆ ದಿನಾಂಕ ಹಾಕಿ ನೋಡಿ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಸೂರ್ಯ ಮುಳುಗುವ ದಿಕ್ಕು ದಿನದಿಂದ ದಿನಕ್ಕೆ ಬೇಗ ಸರಿಯುತ್ತದೆ.

ಅದೇ ಭೇಟಿಯಲ್ಲಿ ಗೇಟು ಎಷ್ಟಕ್ಕೆ ಮುಚ್ಚುತ್ತಾರೆ ಕೇಳಿ. ಒಳ್ಳೆಯ ಬೆಳಕು ಬರುವ ಹೊತ್ತಿಗೇ ಸೀಟಿ ಊದಿ ಹೊರಗೆ ಕಳಿಸುವ ಪಾರ್ಕುಗಳಿವೆ. ಹಳೆಯ ಕಟ್ಟಡವಾದ್ದರಿಂದ ಅನುಮತಿ ಬೇಕೇ, ಟ್ರೈಪಾಡ್ ಬಿಡುತ್ತಾರೆಯೇ, 12 ಜನ ಮುಕ್ಕಾಲು ಗಂಟೆ ಮೆಟ್ಟಿಲು ಬಳಸಬಹುದೇ ಎಂದು ಬಿಡಿಸಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಆ ದಿನ ಬೇರೆ ಕಾವಲುಗಾರ ಬಂದರೆ ನಿಲ್ಲುವುದಿಲ್ಲ. ಗಾಡಿ ನಿಲ್ಲಿಸುವ ಜಾಗದಿಂದ ಮೆಟ್ಟಿಲಿಗೆ ಅಜ್ಜಿಯ ನಡಿಗೆಯಲ್ಲಿ ಐದು ನಿಮಿಷ ಮೀರಬಾರದು. ಶೌಚಾಲಯ ಎಲ್ಲಿದೆ, ಕೂರಲು ನೆರಳಿದೆಯೇ, ಇರುವೆ ಗೂಡಿದೆಯೇ, ಇದನ್ನೂ ನೋಡಿ. ಒಂದು ಮಗು ಅಳಲು ಶುರುಮಾಡಿದರೆ ಅಷ್ಟೂ ಜನ ಕಾಯಬೇಕಾಗುತ್ತದೆ.

ಪೂರ್ತಿ ಗುಂಪನ್ನು ಮೊದಲ 15 ನಿಮಿಷದಲ್ಲಿ ಮುಗಿಸಿ, ಮಕ್ಕಳು ನಿದ್ದೆ ಮುಗಿಸಿ ಹೊಟ್ಟೆ ತುಂಬಿ ಬಂದಿರುವಾಗಲೇ. ಅಜ್ಜಿ ಮತ್ತು ಮೊಮ್ಮಕ್ಕಳದ್ದನ್ನು ಅದೇ ಕುರ್ಚಿಯಲ್ಲಿ ತಕ್ಷಣ ತೆಗೆದು ಅವರನ್ನು ಬಿಟ್ಟುಬಿಡಿ. ಆಮೇಲೆ ಚಿಕ್ಕ ಚಿಕ್ಕ ಗುಂಪುಗಳಿಗೆ ಕಟ್ಟಡದ ಪಕ್ಕದ ಗೋಡೆ, ದಟ್ಟ ಮರದ ಅಂಚು, ಹೀಗೆ ನೂರು ಮೀಟರ್ ಒಳಗೇ ಎರಡು ಮೂರು ಹಿನ್ನೆಲೆ ಹುಡುಕಿಟ್ಟುಕೊಂಡಿರಿ. ಮೋಡ ಕವಿದರೆ ಇದೇ ಯೋಜನೆ ಸಾಕು, ಅರ್ಧ ಗಂಟೆ ಮುಂಚೆ ಶುರು ಮಾಡಿ. ಮಳೆ ಬಂದರೆ ಆ ಕಟ್ಟಡಕ್ಕೆ ಮೊಗಸಾಲೆಯಿದೆಯೇ, ಅದರ ಆಳ ಎಷ್ಟು ಎಂದು ಈಗಲೇ ಅಳೆದುಕೊಳ್ಳಿ. ನನೆದ ಕಲ್ಲು ಮೆಟ್ಟಿಲು ಜಾರುತ್ತದೆ, ಮಳೆ ನಿಂತ ಮೇಲೂ ಅಲ್ಲಿ ಯಾರನ್ನೂ ಹತ್ತಿಸಬೇಡಿ.

ಮೆಟ್ಟಿಲಿನ ಎದುರು 9 ಮೀಟರ್ ಸಿಗುತ್ತದೆಯೇ ಎನ್ನುವುದನ್ನು ನೀವು ಬರೆದಿಲ್ಲ. ಸಂಜೆ ಹೋದಾಗ ಅಳೆದು, ಒಬ್ಬರನ್ನು ಮೂರನೇ ಮೆಟ್ಟಿಲಲ್ಲಿ ನಿಲ್ಲಿಸಿ ಒಂದು ಫೋಟೊ ತೆಗೆದು ಇಲ್ಲಿ ಹಾಕಿ. ಜಾಗ ಕಡಿಮೆ ಬಿದ್ದರೆ 35 ಎಂಎಂಗೆ ಸಾಲುಗಳನ್ನು ಹೇಗೆ ಬದಲಿಸುವುದು ಅಂತ ನೋಡಿ ಹೇಳುತ್ತೇನೆ.